ಹಿತ್ತಿಲಲ್ಲಿ ಕಟ್ಟಿದ ಪಿಕಪ್

ಕಬ್ಬೂರಿನ ದಾದಾಸಾಹೇಬ ನನ್ನ ನೆರೆಯವನು. ಅವನ ಹಿತ್ತಿಲ ತಗಡಿನ ಶೆಡ್ಡಿನಲ್ಲಿ ಹುಟ್ಟಿದ ಕಬ್ಬಿನ ಟ್ರಾಲಿಗಳು ಈ ಸೀಮೆಯ ರಸ್ತೆಗಳನ್ನೆಲ್ಲ ಸವೆಸಿವೆ. ವೆಲ್ಡಿಂಗಿನ ಬೆಂಕಿ ನೋಡಿ ನೋಡಿ ಅವನ ಕಣ್ಣೂ ಸವೆದಿದೆ. ಸಂಜೆಯಾದರೆ ಹೆಂಡತಿ ಗೌರಾಬಾಯಿ ಹಸಿ ಬಟಾಟಿಯ ಹೋಳು ಕಣ್ಣ ಮೇಲಿಟ್ಟು ಮಲಗಿಸುತ್ತಾಳೆ. ಆ ಮನೆಯಲ್ಲಿ ಬಟಾಟಿ ಹೊಟ್ಟೆಗೆ ಹೋದದ್ದಕ್ಕಿಂತ ಕಣ್ಣಿಗೆ ಹೋದದ್ದೇ ಹೆಚ್ಚು. ಡಾಕ್ಟರಿಗೆ ತೋರಿಸು ಎಂದರೆ, “ಅವರು ಕೆಲಸ ಬಿಡು ಅಂತಾರ” ಎನ್ನುತ್ತಾನೆ. ಮೊಂಡ ಮನುಷ್ಯ.

ಕೆಲಸ ಕಡಿಮೆಯಾಗಿ ಶೆಡ್ಡು ಬಣಗುಟ್ಟುತ್ತಿದ್ದಾಗ ಅಥಣಿ ಕಡೆಯ ದ್ರಾಕ್ಷಿ ತೋಟದ ವಿಕ್ರಾಂತ ತನ್ನ ಅಜ್ಜನ ಹಳೆಯ ಪಿಕಪ್ ತಂದು ನಿಲ್ಲಿಸಿದ. ಎಂಜಿನ್ ಗಟ್ಟಿ, ಹಿಂದೆ ಮಾಲು ಹೇರುವ ಡಬ್ಬಿ ಮಾತ್ರ ತುಕ್ಕು ತಿಂದು ಜರಡಿಯಾಗಿತ್ತು. ಅಜ್ಜನ ಕಾಲದಲ್ಲಿದ್ದಂಥದೇ ಹೊಸ ಡಬ್ಬಿ ಕಟ್ಟಬೇಕು. ಇದು ಸರಿಹೋದರೆ ಮುಂದಿನ ಹಂಗಾಮಿಗೆ ತೋಟದ ಟ್ರಾಲಿಗಳೆಲ್ಲ ರಿಪೇರಿಗೆ ಇಲ್ಲಿಗೇ ಬರುತ್ತವೆ ಎಂದ.

“ಬ್ಯಾಡೋ ಮಾರಾಯಾ, ಕಣ್ಣ ನೋಡ್ಕೋ,” ಎಂದೆ.

“ಇದೂ ಹ್ವಾದ್ರ ಶೆಡ್ಡಿಗೆ ಕೀಲಿ ಹಾಕೂದ ನೋಡು,” ಎಂದ.

ರೈಲು ಕಂಬಿಯ ತುಂಡಿನ ಮೇಲೆ ತಗಡಿಟ್ಟು ಬಡಿದು ಮಡ್‌ಗಾರ್ಡನ್ನು ದುಂಡಗೆ ಬಗ್ಗಿಸಿದ. ನಾಲ್ಕು ಪೆಟ್ಟು ಹಾಕಿ ಕೂರುವುದು, ಮತ್ತೆ ಏಳುವುದು. ಕಾಣದ್ದನ್ನು ಬೆರಳಿನಿಂದ ಸವರಿ, ಬೆಸುಗೆಯ ಚರಚರ ಸದ್ದಿನ ಮೇಲೆ ಅಂದಾಜು ಮಾಡುತ್ತಿದ್ದ. ಆದರೂ ಹಸಿರು ಬಣ್ಣ ಬಿದ್ದ ಮೇಲೆ ಗಾಡಿ ಚೆಂದ ಕಂಡಿತು, ಸುಳ್ಳೇಕೆ ಹೇಳಲಿ.

ವಿಕ್ರಾಂತ ಹೆಂಡತಿ ಸ್ನೇಹಲಳೊಂದಿಗೆ ಬಂದ. ಕೈಯಲ್ಲಿ ಕಾಯಿ, ಟೋಪಿ, ಟವೆಲ್ ಇದ್ದವು. ಕೆಲಸ ಮುಗಿಸಿದವನಿಗೆ ಅಷ್ಟು ಕೊಡುವುದು ನಮ್ಮಲ್ಲಿ ರೂಢಿ. ಗಾಡಿ ಸುತ್ತಿ ಬಂದವನು ಹಿಂದಿನ ಮೂಲೆಯಲ್ಲಿ ನಿಂತ. ನಾನೂ ಬಗ್ಗಿ ನೋಡಿದೆ. ಎರಡು ತಗಡಿನ ಸಂದು ಹಾಗೇ ಬಾಯಿ ಬಿಟ್ಟಿತ್ತು. ಬೆಸುಗೆ ಅದರ ಪಕ್ಕದಲ್ಲಿ ಉದ್ದಕ್ಕೆ ಹೋಗಿತ್ತು.

“ಒಂದ್ ನಂಬರ್ ಆಗೇತ್ರಿ ಕಾಕಾ,” ಎಂದ ವಿಕ್ರಾಂತ. ಆಮೇಲೆ ಸ್ನೇಹಲಳನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ. ಅವಳು ಕಾರು ತೆಗೆದುಕೊಂಡು ಚಿಕ್ಕೋಡಿ ಕಡೆ ಹೋದಳು.

“ಟ್ರಾಲಿ ಯಾವಾಗ ಕಳಸ್ತೀರಿ ಸಾವಕಾರ್ರ?” ದಾದಾಸಾಹೇಬ ಕೇಳಿದ.

“ಆಕಿ ಬರ್ಲ್ರಿ, ಮದಲ ಆಯೇರಿ ಮಾಡೂಣು.”

ಸ್ನೇಹಲ ತಂದದ್ದು ಧೋತರ, ತಲೆಗೆ ಸುತ್ತುವ ಪಟಕಾ ಮತ್ತು ಒಂದು ಇಳಕಲ್ ಸೀರೆ. ಗಂಡ-ಹೆಂಡತಿಯನ್ನು ಜೋಡಿಯಾಗಿ ಕೂರಿಸಿ ಇಂಥ ಆಯೇರಿ, ಅಂದರೆ ಬಟ್ಟೆಯ ಉಡುಗೊರೆ, ಮಾಡಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ದುಡಿದದ್ದು ಸಾಕು, ಇನ್ನು ಕೂತು ಉಣ್ಣಿರಿ. ಬಾಯಿಬಿಟ್ಟು ಹೇಳಲಾರದ್ದನ್ನು ಹುಡುಗ ಸೀರೆಯಲ್ಲಿ ಸುತ್ತಿ ತರಿಸಿದ್ದ. ಅವನ ಮರ್ಯಾದೆಯ ಮೇಲೆ ನನಗೆ ಸಿಟ್ಟು ಬಂತು, ಆದರೆ ಏನೆಂದು ಬೈಯಲಿ?

ಸೀರೆ ಕಂಡದ್ದೇ ಗೌರಾಬಾಯಿ ಬಾಗಿಲಲ್ಲೇ ನಿಂತಳು.

“ಟೋಪಿ ಟವೆಲ್ ಸಾಕ್ರಿ. ಅವರೊಬ್ಬರಿಗೇ ಮಾಡ್ರಿ. ನಾ ಕುಂಡ್ರೂದಿಲ್ಲ.”

ಕಂಬಳಿಯ ಮೇಲೆ ಆಗಲೇ ಕೂತಿದ್ದ ದಾದಾಸಾಹೇಬ ತನ್ನ ಪಕ್ಕದ ಜಾಗವನ್ನು ಕೈಯಿಂದ ಒರೆಸಿದ.

“ಬಾ ಬೇ, ಕುಂಡ್ರು. ಆ ಮೂಲಿ ಕೂಡಿಲ್ಲ ಅನ್ನೂದು ಬಣ್ಣಾ ಹಚ್ಚೂಮುಂದನ ನನ್ನ ಬೆರಳಿಗೆ ಹತ್ತಿತ್ತು. ಮೂರು ಸರ್ತಿ ಹೊಳ್ಳಿ ಬೆಸದ್ನಿ. ಮೂರೂ ಸರ್ತಿ ಸಂದು ಸಿಗಲಿಲ್ಲ.”

ಗೌರಾಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದು ಅವನ ಬಗಲಿಗೆ ಕೂತಳು.