ಗಾದಿಲಿಂಗಮ್ಮ ವಾಪಸ್ ತೆಗೆಯದ ಅರ್ಜಿ

ಆಂಧ್ರದ ಗಡಿಯ ಪೆದ್ದಕಡುಬೂರಿನಿಂದ ಆಟೋದಲ್ಲಿ ಅರ್ಧ ತಾಸು ಹೋದರೆ ಸಿಗುವ ಒಂದು ಊರಿನಲ್ಲಿ ಮೂವತ್ತು ವರ್ಷದಿಂದ ಸರ್ಪಂಚರ, ಅಂದರೆ ಪಂಚಾಯಿತಿ ಅಧ್ಯಕ್ಷರ, ಚುನಾವಣೆಯೇ ನಡೆದಿರಲಿಲ್ಲ. ಅದಕ್ಕೆ ಊರವರು ನಾಚಿಕೊಳ್ಳುವುದು ಹೋಗಲಿ, ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು. ಚುನಾವಣೆ ಗೊತ್ತಾದ ಕೂಡಲೇ ರಚ್ಚಕಟ್ಟೆಯ ಮೇಲೆ ನಾಲ್ಕು ಮಂದಿ ಹಿರಿಯರು ಕೂತು ಒಬ್ಬರ ಕೈಗೆ ವೀಳ್ಯ ಕೊಡುತ್ತಾರೆ. ವೀಳ್ಯ ಹಿಡಿದವರೇ ಸರ್ಪಂಚರು, ಬೇರೆ ಯಾರೂ ಅರ್ಜಿ ಹಾಕುವಂತಿಲ್ಲ. ಇದಕ್ಕೆ ಏಕಗ್ರೀವ ಎಂದು ಹೆಸರು. ಜಗಳ ಬೇಡ, ಊರು ತಣ್ಣಗಿರಲಿ ಎಂಬುದು ಹಿರಿಯರ ವಾದ. ಊರು ತಣ್ಣಗೇ ಇತ್ತು, ಸುಳ್ಳು ಹೇಳಬಾರದು. ಆದರೆ ಆ ವೀಳ್ಯ ಒಂದು ಸಲವೂ ಹತ್ತಿ ವ್ಯಾಪಾರಿ ಮರಿಬಸಪ್ಪನವರ ಮನೆತನ ಬಿಟ್ಟು ಆಚೆ ಹೋಗಿರಲಿಲ್ಲ.

ಇದೇ ಊರಿನ ಗಾದಿಲಿಂಗಮ್ಮನಿಗೆ ಈಗ ಐವತ್ತೈದು. ಹತ್ತಿ ಬಿಡಿಸುವ ಹನ್ನೆರಡು ಹೆಂಗಸರ ಗುಂಪಿಗೆ ಮೇಸ್ತ್ರಿ. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಕುವೈತಿಗೆ ಹೋಗಿ, ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಐದು ವರ್ಷ ನೆಲ ಒರೆಸಿ ಬಂದವಳು. ಆ ದುಡ್ಡಿನಲ್ಲಿ ಮಕ್ಕಳ ಮದುವೆಯಾಯಿತು, ಸಿಮೆಂಟಿನ ಎರಡು ಕೋಣೆಯ ಮನೆಯೂ ಆಯಿತು.

ಅವಳು ಹೋದ ಮರುವರ್ಷವೇ ಪಕ್ಕದ ಇರಾಕಿನ ಮೇಲೆ ಯುದ್ಧ ಶುರುವಾಯಿತು. ಆಗ ಗಾದಿಲಿಂಗಮ್ಮ ಯುದ್ಧದ ಪಕ್ಷ. ಇದನ್ನು ಅವಳು ಇವತ್ತಿಗೂ ಮುಚ್ಚಿಡುವುದಿಲ್ಲ. ಇರಾಕಿನ ದೊರೆ ಎಂಥ ಕಟುಕ ಎಂದು ಕುವೈತಿನವರ ಬಾಯಲ್ಲಿ ದಿನವೂ ಕೇಳಿದ್ದಳು. ಬಗ್ದಾದ್ ಬಿದ್ದ ದಿನ ರವೆ ಕೇಸರಿ ಮಾಡಿ ತನ್ನ ಕೋಣೆಯ ಹೆಂಗಸರಿಗೆಲ್ಲ ಹಂಚಿ, "ಪಾಪ, ಇನ್ನ ಅವರಿಗೂ ನಮ್ಮಂಗ ಓಟು ಬರತೈತಿ" ಅಂದಿದ್ದಳು.

ಕೆಲವು ದಿನಕ್ಕೆ ಸುಟ್ಟ ಗಾಯದ ಮಕ್ಕಳು ಅವಳ ಆಸ್ಪತ್ರೆಗೇ ಬರತೊಡಗಿದವು. ಬಸ್ರಾದಿಂದ ಹಲೀಮಾ ಎಂಬ ತಾಯಿ ಆರು ವರ್ಷದ ಮಗಳನ್ನು ಹೊತ್ತು ತಂದಳು. ಬಾಂಬು ಬಿದ್ದು ಆ ಹುಡುಗಿಯ ಎರಡೂ ಕೈ ಬೆಂದಿದ್ದವು. ಎರಡು ವರ್ಷದ ಮೇಲೆ ಮತ್ತೊಂದು ಆಪರೇಷನ್ನಿಗೆ ಬಂದಾಗ ಹಲೀಮಾ ತನ್ನ ಬೆರಳಿನ ಶಾಯಿ ತೋರಿಸಿದಳು. ಹುಟ್ಟಿದ ಮೇಲೆ ಮೊದಲ ಸಲ ಓಟು ಹಾಕಿ ಬಂದಿದ್ದಳು. ತೋರಿಸುವಾಗ ಅವಳ ಮುಖದಲ್ಲಿ ಖುಷಿ ಇತ್ತು, ಅದನ್ನೂ ಗಾದಿಲಿಂಗಮ್ಮ ಮುಚ್ಚಿಡುವುದಿಲ್ಲ. ಆಮೇಲೆ ಹಲೀಮಾ ಮಗಳ ಕೈ ತೋರಿಸಿ, ಇವಳಿಗೆ ತಿಳಿಯುವ ಸರಳ ಅರಬ್ಬಿಯಲ್ಲಿ ಹೇಳಿದಳು: "ಓಟು ನನಗೆ ಬೇಕೇ ಇತ್ತು. ಆದರೆ ಇದನ್ನು ಕೊಟ್ಟು ಅದನ್ನು ತಗೊಳ್ತೀಯಾ ಅಂತ ನನ್ನನ್ನು ಯಾರೂ ಕೇಳಲಿಲ್ಲ." ಕೇಸರಿ ಹಂಚಿದ್ದು ನೆನಪಾಗಿ ಗಾದಿಲಿಂಗಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅವಳು ಊರಿಗೆ ಮರಳಿ ಎಷ್ಟೋ ವರ್ಷವಾದ ಮೇಲೆ, ಈ ಸಲ ಹತ್ತಿ ಬಿಡಿಸುವ ಕಾಲಕ್ಕೆ ಸರಿಯಾಗಿ ಟಿವಿಯಲ್ಲಿ ಮತ್ತೊಂದು ಯುದ್ಧ ಬಂತು. ದೇಶ ಬೇರೆ, ಹೇಳುವ ಕಾರಣ ಅದೇ. ಗುಂಪಿಗೆ ಚಹಾ ಒಯ್ಯಲು ಗಾದಿಲಿಂಗಮ್ಮ ಸ್ಟೀಲಿನ ಡಬ್ಬಿ ಹಿಡಿದು ಹೊನ್ನೂರಪ್ಪನ ಹೋಟೆಲಿಗೆ ಹೋದಾಗ, ಬಾಂಬು ಬೀಳುವುದನ್ನು ನೋಡುತ್ತ ಮರಿಬಸಪ್ಪನವರು ಭಾಷಣ ಮಾಡುತ್ತಿದ್ದರು.

"ನಾಕು ಮಂದಿ ಸಾಯ್ತಾರ, ಸಾಯಲಿ. ಉಳದೋರಿಗೆ ಪ್ರಜಾಪ್ರಭುತ್ವ ಬರತೈತಿ. ನಮ್ಮ ದೇಶಾನೂ ಕೈ ಜೋಡಸಬೇಕು."

"ಅಲ್ರಿ ಸಾವ್ಕಾರ್ರ," ಎಂದಳು ಗಾದಿಲಿಂಗಮ್ಮ, "ಅದು ನಮ್ಮೂರಿಗೆ ಯಾವಾಗ ಬರತೈತ್ರಿ?"

ಕೂತವರು ನಕ್ಕರು. ಸಾವುಕಾರರ ಮಗ ಕೊಟ್ರೇಶ, ಆದವಾನಿಯಲ್ಲಿ ವಕೀಲಿಕೆ ಮಾಡುವವನು, ನಗಲಿಲ್ಲ. "ಅಂಥ ದೊರಿಗಳು ತಾವಾಗಿ ಇಳಿಯಂಗಿಲ್ಲ, ಲಿಂಗಮ್ಮಕ್ಕ. ಯಾರಾದ್ರೂ ಕುತ್ತಿಗಿ ಹಿಡಿದು ಇಳಸಬೇಕಾಗತೈತಿ" ಎಂದ. ಆ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ.

"ಆ ದೇಶದ ಮಂದೀನ ಇಳಸಲಿ, ನೀವು ಬೆನ್ನಿಗೆ ನಿಲ್ರಿ. ಮ್ಯಾಲಿಂದ ಬೆಂಕಿ ಸುರುವಿ, ಕೆಳಗಿನೋರಿಗೆ ಓಟು ಕೊಟ್ವಿ ಅಂತ ಹೇಳಬ್ಯಾಡ್ರಿ. ಆ ಬೆಂಕಿಯಾಗ ಬೆಂದ ಕೂಸಿನ ಕೈ ನಾ ನೋಡೀನಿ. ಮೂವತ್ತು ವರ್ಷ ಆತು, ಈ ಊರಾಗ ಸರ್ಪಂಚರಿಗೆ ನಾ ಒಂದು ಓಟು ಹಾಕಿಲ್ಲ. ದೂರದೋರಿಗೆ ಕೊಡಸಾಕ ಹೊಂಟೀರಿ!"

ಮರಿಬಸಪ್ಪನವರು ಎಲೆಯಡಿಕೆ ಉಗುಳಿ, ನಾಲ್ಕು ಜನ ಕೇಳುವಂತೆ ಒಂದು ಮಾತು ಆಡಿಬಿಟ್ಟರು. "ನಿನಗ್ಯಾರು ಬ್ಯಾಡ ಅಂದಾರ? ನೀನೂ ಹಾಕು ಅರ್ಜಿ!"

ತಮಾಷೆಗೆ ಆಡಿದ ಮಾತು. ಆಡಬಾರದಿತ್ತು.

ಆ ವಾರವೇ ಪಂಚಾಯಿತಿ ಚುನಾವಣೆ ಗೊತ್ತಾಯಿತು, ಸರ್ಪಂಚ್ ಸ್ಥಾನ ಈ ಸಲ ಹೆಂಗಸರಿಗೆ ಮೀಸಲಾಗಿತ್ತು. ಹಿರಿಯರು ಎಂದಿನಂತೆ ಕಟ್ಟೆಯ ಮೇಲೆ ಕೂತು ಮರಿಬಸಪ್ಪನವರ ಸೊಸೆ ಭುವನಾಳಿಗೆ ವೀಳ್ಯ ಕೊಟ್ಟರು. ಹೆಂಗಸರು ಆ ಕಟ್ಟೆ ಹತ್ತುವಂತಿಲ್ಲವಾದ್ದರಿಂದ ಸೊಸೆಯ ಪರವಾಗಿ ಮಾವನೇ ಅದನ್ನು ಹಿಡಿದರು. ಮರುದಿನ ಗಾದಿಲಿಂಗಮ್ಮ ತನ್ನ ಗುಂಪಿನ ಅಂಬಮ್ಮನಿಂದ ಸೂಚಕಳೆಂದು ಹೆಬ್ಬೆಟ್ಟು ಒತ್ತಿಸಿ ಅರ್ಜಿ ಹಾಕಿ ಬಂದಳು.

ಊರಿಗೆ ಊರೇ ಕುದಿಯಿತು. ವಾಪಸ್ ತೆಗೆಯುವ ಗಡುವಿಗೆ ಒಂದು ದಿನ ಇದೆ ಎನ್ನುವಾಗ ಸಾವುಕಾರರ ಗುಮಾಸ್ತ ಪಕೀರಪ್ಪ ಹೊಲಕ್ಕೇ ಬಂದ.

"ನಾಳಿ ಮೂರು ಗಂಟಿ ಒಳಗ ಅರ್ಜಿ ವಾಪಸ್ ತಗಿಬೇಕಂತವಾ. ಇಲ್ಲಾಂದ್ರ ನಿನ್ನ ಗುಂಪಿನ ಒಬ್ಬಾಕಿನೂ ಸಾವ್ಕಾರ್ರ ಹತ್ತಿ ಮುಟ್ಟಂಗಿಲ್ಲ."

ಸಾವುಕಾರರ ಹತ್ತಿ ಎಂದರೆ ಅರವತ್ತು ಎಕರೆ. ಗುಂಪಿಗೆ ಸುಗ್ಗಿಯ ಕೂಲಿಯೆಲ್ಲ ಅಲ್ಲಿಯದೇ. ಗಾದಿಲಿಂಗಮ್ಮನಿಗೆ ಮೊದಲ ಬಾರಿ ಭಯವಾಯಿತು. ತನಗಾದರೆ ಎರಡು ಕೋಣೆಯ ಮನೆ ಇದೆ, ಗಂಜಿ ಕುಡಿದಾದರೂ ಇದ್ದೇನು. ಇವರ ಅನ್ನ ಕಿತ್ತು ತಾನು ಹಟ ಸಾಧಿಸಿದರೆ, ಮೇಲಿನಿಂದ ಬಾಂಬು ಹಾಕಿದವರಿಗೂ ತನಗೂ ಏನು ವ್ಯತ್ಯಾಸ? ಅವಳು ಹತ್ತಿಯ ಉಡಿ ಬಿಚ್ಚಿ ಕೆಳಗಿಟ್ಟು ಹನ್ನೆರಡು ಮಂದಿಯನ್ನೂ ಬದುವಿನ ಮೇಲೆ ಕೂರಿಸಿದಳು.

"ಇದು ನಿಮ್ಮ ಕೂಲಿ. ನಿಮ್ಮನ್ನ ಕೇಳದ ನಾ ಹೆಜ್ಜಿ ಇಡಂಗಿಲ್ಲ. ವಾಪಸ್ ತಗಿ ಅಂದ್ರ ಈಗಿಂದೀಗ ಹೋಗಿ ತಗಿತೀನಿ. ಮುಲಾಜು ಬ್ಯಾಡ, ಕೈ ಎತ್ರಿ."

ವಾಪಸ್ ತೆಗೆಯಲಿ ಎಂದು ಐದು ಕೈ ಎದ್ದವು. ಬೇಡ ಎಂದು ಏಳು. ಅಂಬಮ್ಮನಂತೂ ಎರಡೂ ಕೈ ಎತ್ತಿ, "ಒಂದಾ ಎಣಸ್ರವಾ" ಎಂದು ಎಲ್ಲರನ್ನೂ ನಗಿಸಿದಳು. ಐದು ಮಂದಿ ಮರುದಿನ ಬೇರೆ ಮೇಸ್ತ್ರಿಯ ಕೈಕೆಳಗೆ ಸಾವುಕಾರರ ಹೊಲಕ್ಕೇ ಹೋದರು. ಅವರ ಮೇಲೆ ಗಾದಿಲಿಂಗಮ್ಮ ಸಿಟ್ಟಾಗಲಿಲ್ಲ. ಉಳಿದವರನ್ನು ಆಟೋದಲ್ಲಿ ಹೇರಿಕೊಂಡು ಆದವಾನಿಯಲ್ಲಿ ಹತ್ತಿಯ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿಗೆ ಕರೆದೊಯ್ದಳು. ಕೂಲಿ ಕಡಿಮೆ, ಧೂಳು ಮೂಗಿನ ತುಂಬ. ಗಡುವಿನ ಮೂರು ಗಂಟೆ ಕಳೆಯಿತು, ಅರ್ಜಿ ಇದ್ದಲ್ಲೇ ಇತ್ತು.

ಇನ್ನು ಚುನಾವಣೆ ನಡೆಯದೆ ಗತಿಯಿರಲಿಲ್ಲ. ಗೆಲುವು ಸಾವುಕಾರರದೇ ಎಂದು ಊರಿಗೆಲ್ಲ ಗೊತ್ತು, ಗಾದಿಲಿಂಗಮ್ಮನಿಗೂ ಗೊತ್ತು. ಆದರೂ ಓಟು ಕೇಳಲೇಬೇಕಲ್ಲ. ಭಾನುವಾರ ಮುಂಜಾನೆ ಮರಿಬಸಪ್ಪನವರು ಸೊಸೆಯನ್ನು ಹಿಂದಿಟ್ಟುಕೊಂಡು, ಹುಟ್ಟಿದಾಗಿನಿಂದ ಕಾಲಿಡದ ಕೂಲಿಯವರ ಓಣಿಗೆ ಕಾಲಿಟ್ಟರು. ಮನೆಮನೆಯ ಮುಂದೆ ನಿಂತರು. ಅಂಬಮ್ಮನ ಮನೆಯ ಮುಂದೆ, ಆರು ತಿಂಗಳಿಂದ ನೀರು ಬರುತ್ತಿಲ್ಲ ಎಂದು ಬೈಸಿಕೊಂಡರು. ತಲೆಯಾಡಿಸಿ, "ಮಾಡಸ್ತೀನವಾ" ಅಂದರು. ಕೊನೆಗೆ, ಒಂದು ಮನೆ ಬಿಟ್ಟರೆ ನೋಡಿದವರು ಏನೆಂದಾರು ಎಂದು, ಗಾದಿಲಿಂಗಮ್ಮನ ಬಾಗಿಲಿಗೂ ಬಂದರು.

ಅವಳು ಹೊಸ್ತಿಲ ಮೇಲೆ ನಿಂತಿದ್ದಳು. ಮರಿಬಸಪ್ಪನವರು ಬೇರೆತ್ತಲೋ ನೋಡುತ್ತ ಎರಡೂ ಕೈ ಜೋಡಿಸಿದರು.

"ಓಟು ಕೇಳಾಕ ಬಂದೀವಿ."

"ನನ್ನ ಓಟು ನನಗಾ ಹಾಕ್ಕೊಂತೀನ್ರಿ," ಎಂದಳು ಗಾದಿಲಿಂಗಮ್ಮ. "ಆದ್ರೂ ಬಂದು ಕೇಳಿದ್ರಲ್ಲ, ಕುಂದರ್ರಿ, ಚಾ ಕುಡೀರಿ. ನಿಮ್ಮನ್ನ ಈ ಬಾಗಲಿಗೆ ತರಾಕ ಬಾಂಬು ಏನೂ ಬೇಕಾಗಲಿಲ್ಲ, ನೋಡ್ರಿ ಸಾವ್ಕಾರ್ರ. ಒಂದು ಅರ್ಜಿ ಸಾಕಾತು."