ರೇಡಿಯೇಟರಿಗೆ ನೀರು ಕೊಟ್ಟ ಅಜ್ಜಿ

ಆ ಅಜ್ಜಿಯ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಎಂದೋ ಒಂದು ಹೋತ ಓಲೆಗೆ ಬಾಯಿ ಹಾಕಿ ಎಳೆದದ್ದಂತೆ. ಅದನ್ನು ಹೇಳುವಾಗಲೂ ಹೋತದ ಪರವಾಗಿಯೇ ಮಾತಾಡುತ್ತಿದ್ದಳು: "ಅದ್ಕೇನು ಗೊತ್ತು, ಹೊಳೀತಿತ್ತು, ತಿನ್ನಾಕೆ ಬಂತು."

ಮಹಾರಾಜರ ಕಾಲ. ನಾನು ಪಾವಗಡದಿಂದ ಮಧುಗಿರಿಗೆ ಬಸ್ಸು ಓಡಿಸುತ್ತಿದ್ದೆ. ಈಗಿನ ಹಾಗೆ ಎಂಜಿನ್ನಿಗೆ ಬಣ್ಣದ ಕೂಲಂಟ್ ಹಾಕುವುದು ನಮಗೆ ಗೊತ್ತೇ ಇರಲಿಲ್ಲ, ನೀರೇ ಗತಿ. ಬೇಸಿಗೆಯಲ್ಲಿ ದಿಬ್ಬ ಹತ್ತುವಷ್ಟರಲ್ಲಿ ಅದೂ ಕುದಿದು ಹೋಗುತ್ತಿತ್ತು. ದಿಬ್ಬದ ಮೇಲೆ ಅಜ್ಜಿಯ ಹಟ್ಟಿ. ಬಸ್ಸಿನ ಸದ್ದು ಕೇಳಿದರೆ ಕೊಡ ಹೊತ್ತು ರಸ್ತೆಗೆ ಬರುತ್ತಿದ್ದಳು. ಹಟ್ಟಿಯ ಬಾವಿಯ ನೀರು ಉಪ್ಪು, ರೇಡಿಯೇಟರಿನೊಳಗೆ ಸುಣ್ಣ ಕಟ್ಟುತ್ತದೆ ಎಂದು ನಾನೊಮ್ಮೆ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಕೆರೆಯಾಚೆಯ ಸಿಹಿನೀರ ಬಾವಿಯಿಂದ ಹೊತ್ತು ತಂದಿಡುತ್ತಿದ್ದಳು.

ಒಮ್ಮೆ ಒಬ್ಬ ರೈತ, ಜ್ವರದಲ್ಲಿ ಮೇಲುಗಣ್ಣು ಬಿಟ್ಟಿದ್ದ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮಧುಗಿರಿ ಆಸ್ಪತ್ರೆಗೆ ಹೊರಟಿದ್ದ. ಅವನ ಅವಸರ ನೋಡಿ ನಾನೂ ಎಲ್ಲೂ ನಿಲ್ಲಿಸದೆ ಓಡಿಸಿದೆ. ದಿಬ್ಬದ ಮೇಲೆ ರೇಡಿಯೇಟರ್ ಬುಸುಗುಟ್ಟಿತು. ಇಳಿದು, ಬಟ್ಟೆ ಸುತ್ತಿ ಮುಚ್ಚಳ ತೆಗೆದು ಕೊಡಕ್ಕೆ ಕೈಚಾಚಿದೆ. ಅಜ್ಜಿ ಕೊಡವನ್ನು ಹಿಂದಕ್ಕೆ ಎಳೆದುಕೊಂಡಳು.

"ತಡಿ ನಾಯನಾ. ಬಿಸ್ಲಾಗೆ ಓಡಿ ಬಂದ ಕುರಿಗೇ ನಾನು ಕೂಡ್ಲೆ ನೀರು ಕುಡ್ಸಾಕಿಲ್ಲ. ಇದು ಕೆಂಡ ಆಗೈತೆ, ಒಡೆದೋಗ್ತದೆ."

"ಮಗು ಉಳಿಯಾಕಿಲ್ಲ ಕಣಮ್ಮ" ಎಂದು ರೈತ ಕೈಮುಗಿದ.

"ಗಾಡಿ ಒಡೆದ್ರೆ ನಡ್ಕಂಡು ಹೋಗ್ತೀಯಾ? ಮಗೀನ ಇಂಗೆ ಕೊಡು."

ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಸೀಳು ಬಿಡುತ್ತದೆ. ಸ್ಟೀರಿಂಗ್ ಹಿಡಿದ ನಾನೇ ಅದನ್ನು ಮರೆತಿದ್ದೆ. ಅಜ್ಜಿ ಮರದ ನೆರಳಲ್ಲಿ ಕೂತು, ಸೆರಗು ಒದ್ದೆ ಮಾಡಿ ಹುಡುಗಿಯ ಹಣೆ, ಅಂಗಾಲು ಒರೆಸಿದಳು. ತುಟಿಗೆ ಹನಿಹನಿಯಾಗಿ ನೀರು ಬಿಟ್ಟಳು. ರೈತ ಬಸ್ಸಿಗೂ ಮಗಳಿಗೂ ಮಧ್ಯೆ ಓಡಾಡುತ್ತಲೇ ಇದ್ದ. ಕೊನೆಗೆ ಅವಳೇ ಎದ್ದು ಬಂದು ಬಾನೆಟ್ ಮುಟ್ಟಿ ನೋಡಿ, "ಈಗ ಹುಯ್ಯಿ" ಎಂದಳು. ಆಸ್ಪತ್ರೆ ತಲುಪಿದೆವು. ಹುಡುಗಿ ಉಳಿದಳು.

ಮರುವರ್ಷ ಮಳೆಗಾಲದಲ್ಲಿ ಹದಿನೈದು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಬಂದು ದಿಬ್ಬದ ಮೇಲೆ ಬಸ್ಸು ನಿಲ್ಲಿಸಿದರೆ, ಅಲ್ಲಿ ನಿಂತಿದ್ದವನು ಅವಳ ಮಗ.

"ಅವ್ವ ಹೋಗ್ಬುಟ್ಲು ಡ್ರೈವರಣ್ಣ. ಹೊಟ್ಟೆನೋವು ತಡೀನಾರ್ದೆ, ಆಸ್ಪತ್ರೆಗೆ ಕರ್ಕಂಡೋಗು ಅಂದ್ಲು. ಎತ್ಕಂಡು ಬಂದು ಇಲ್ಲೇ ನಿಂತಿದ್ದೆ. ಅವತ್ತು ತಂಪಿತ್ತು, ಗಾಡಿಗೆ ನೀರು ಬೇಕಿರ್ಲಿಲ್ವೇನೋ. ಕೈ ಅಡ್ಡ ಹಾಕಿದ್ರೂ ನಿಲ್ಲಿಸ್ಲಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ರಜೆಗೆ ಹೊರಡುವ ದಿನ, ಕೀಲಿ ಕೊಡುವಾಗ, ಬದಲಿ ಡ್ರೈವರಿಗೆ ಬ್ರೇಕಿನ ವಿಷಯ, ಟೈರಿನ ವಿಷಯ ಎಲ್ಲ ಹೇಳಿದ್ದೆ. ದಿಬ್ಬದ ಮೇಲೆ ಒಬ್ಬ ಅಜ್ಜಿ ಇರುತ್ತಾಳೆ ಎಂದು ಮಾತ್ರ ಹೇಳಿರಲಿಲ್ಲ.