ಹೊಟ್ಟಿನ ಬುಟ್ಟಿಗೆ ತುಂಬಿದ ಅದಿರು

ಸಂಜೆ ಅಕ್ಕನ ಮಗಳು ಗಟ್ಟಿಯಾಗಿ ಓದುತ್ತಿದ್ದಳು: "ಒಂದು ಘನ ಮೀಟರ್ ಜಾಗದಲ್ಲಿ ಎಷ್ಟು ಕಿಲೋಗ್ರಾಂ ವಸ್ತು ಇದೆಯೋ ಅದೇ ಅದರ ಸಾಂದ್ರತೆ." ಐದನೇ ತರಗತಿಗೇ ಶಾಲೆ ಬಿಟ್ಟ ನಾನು ಈ ಪಾಠ ಓದಿಲ್ಲ. ಆದರೂ ಕೇಳಿದ ಕೂಡಲೇ ಮೈ ಉರಿಯಿತು.

ಅವ್ವ ಮೊದಲು ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಭತ್ತದ ಹೊಟ್ಟು ಹೊರುತ್ತಿದ್ದಳು. ಹೊಟ್ಟು ಹಗುರ, ಅದಕ್ಕೇ ಬುಟ್ಟಿ ದೊಡ್ಡದು. ಸಂಡೂರಿನ ಗಣಿಗೆ ಕೂಲಿಗೆ ಹೋದಾಗ ಅದೇ ಬುಟ್ಟಿ ಒಯ್ದಳು. ಅಲ್ಲಿ ಹೊರಬೇಕಾದದ್ದು ಕಬ್ಬಿಣದ ಅದಿರು. ಅವಳು ಅರ್ಧ ತುಂಬಿದಾಗ ಮೇಸ್ತ್ರಿ ಎಲ್ಲರೆದುರು ನಕ್ಕ.

"ಏನವ್ವಾ, ಪೂಜಿ ಬುಟ್ಟಿ ಹೊತ್ತೀಯೇನು? ಬಾಯಿಮಟ ತುಂಬು."

"ಇದು ಹೊಟ್ಟಿನ ಬುಟ್ಟಿರೀ ಅಣ್ಣಾ. ಅದಿರು ಭಾಳ ಭಾರ ಆಗ್ತೈತ್ರಿ."

"ಬುಟ್ಟಿ ನಾ ಕೊಟ್ಟೀನೇನು? ತಂದಾಕಿ ನೀನ ಅಲ್ಲೇನು?"

ಅವನೇ ಸಲಿಕೆಯಿಂದ ಸುರಿದ. ಇಬ್ಬರು ಎತ್ತಿ ಅವ್ವನ ತಲೆಗಿಟ್ಟರು. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಕುತ್ತಿಗೆ ಕಳಕ್ಕೆಂದಿತು, ಅವ್ವ ಕುಸಿದಳು. ಅವಳ ಜೊತೆ ಗಣಿಗೆ ಬಂದಿದ್ದ ನಾನು ಓಡಿಹೋಗಿ ಬುಟ್ಟಿ ಸರಿಸಿದೆ.

ಮರುದಿನ ಅವ್ವ ಕುಡುಗೋಲಿನಿಂದ ಬುಟ್ಟಿಯ ಮೇಲಿನ ಅರ್ಧ ಕೊಯ್ದು, ಅಂಚಿಗೆ ಹಳೇ ಸೀರೆ ಸುತ್ತಿ ಒಯ್ದಳು. ಅದಿರು ತುಂಬಿ, "ಈಗ ಬಾಯಿಮಟ ತುಂಬೈತಿ ನೋಡ್ರಿ" ಎಂದಳು. ಅವನು ಬುಟ್ಟಿಗೆ ಒದ್ದು ಅವಳನ್ನು ಮನೆಗೆ ಕಳಿಸಿದ.

ಹತ್ತನೇ ತರಗತಿ ಪಾಸಾದವನೆಂದು ಹೇಳಿಕೊಂಡು ತಿರುಗುತ್ತಿದ್ದ ಆ ಮೇಸ್ತ್ರಿ ಈ ಪಾಠ ಓದಿರಲೇಬೇಕು. ಗೊತ್ತಿದ್ದೇ ಹೊರಿಸಿದ.

ಈಗ ಮೊಮ್ಮಗಳು "ಅಜ್ಜೀ" ಎಂದು ಹಿಂದಿನಿಂದ ಕರೆದರೆ ಅವ್ವನ ಕುತ್ತಿಗೆ ಹೊರಳುವುದಿಲ್ಲ. ಇಡೀ ಮೈಯನ್ನೇ ತಿರುಗಿಸಿ ನೋಡಬೇಕು.